ಲಾ ಓದಿ ಮಾವನ ಗಾಡಿ ನಿಲ್ಲಿಸಿದ್ದು

ಬಿ.ಎಸ್ಸಿ. ಮಾಡಿ ಕೆಲಸ ಸಿಗದವರೆಲ್ಲ ಲಾ ಓದುತ್ತಿದ್ದ ಕಾಲ ಅದು. ನಾನೂ ಓದಿದೆ. ಬೇರು, ಬಳ್ಳಿ, ಹೂವಿನ ಚಿತ್ರ ಬರೆದು ಪದವಿ ಪಡೆದವನು ಹೊನ್ನಾಳಿಯಲ್ಲಿ ಬಸ್ಸು ಹತ್ತಿ, ದಾವಣಗೆರೆಯ ಸಂಜೆ ಕಾಲೇಜಿಗೆ ಹೋಗತೊಡಗಿದೆ. ಸೇರಿದ ವಾರಕ್ಕೇ ಊರವರು ‘ವಕೀಲ್ರು’ ಎಂದರು. ನಾನು ಬೇಡ ಎನ್ನಲಿಲ್ಲ!

ಗೋವಿನಕೋವಿಯಲ್ಲಿದ್ದ ನನ್ನ ಮಾವನ ಗದ್ದೆಗೆ ಗಾಡಿ ಹೋಗಬೇಕಾದರೆ ಪಕ್ಕದ ಹಾಲಪ್ಪನವರ ಹೊಲ ದಾಟಬೇಕು. ಪ್ರತಿ ಸುಗ್ಗಿಗೂ ಮುಂಚೆ ಮಾವ ಎಲೆ ಅಡಿಕೆ ಹಿಡಿದು ಅವರ ಮನೆಗೆ ಹೋಗಿ ಕೇಳುವರು. ‘ಅದನ್ನೇನು ಕೇಳ್ತಿ, ಹೊಡ್ಕಂಡು ಹೋಗು ಮಾರಾಯ’ ಎಂದು ಹಾಲಪ್ಪನವರು ಕಾಫಿ ಕೊಡಿಸುವರು. ವ್ಯವಹಾರ ಅಷ್ಟೇ.

ನನಗೆ ಇದು ಹಿಡಿಸಲಿಲ್ಲ. ಹಿಂದಿನ ದಿನವಷ್ಟೇ ಕಾಲೇಜಿನಲ್ಲಿ ದಾರಿಯ ಹಕ್ಕಿನ ಪಾಠ ಆಗಿತ್ತು.

‘ಮಾವ, ಬಾಳ ವರ್ಷ ಬಳಸಿದ ದಾರಿ ನಮ್ಮ ಹಕ್ಕು. ಕೇಳಿ ಹೋದ್ರೆ ಹಕ್ಕು ಕೆಡ್ತೈತೆ. ಈ ಸಲ ಕೇಳಬ್ಯಾಡ್ರಿ!’

‘ಕೇಳಿದ್ರೆ ಬಾಯೇನು ಸವೀತೈತಾ ಅಳಿಯಂದ್ರೆ?’

‘ಕಾನೂನು ಹಂಗೈತೆ.’

ಒಳಗಿನಿಂದ ನನ್ನ ಹೆಂಡತಿ ಗಿರಿಜ ಕೂಗಿದಳು: ‘ಗಿಡದ ಓದು ಓದಿ ಬದ್ನೆಗಿಡದ ಹುಳಕ್ಕೆ ಔಷಧಿ ಹೇಳಾಕೆ ಬರ್ಲಿಲ್ಲ. ಈಗ ನಮ್ಮಪ್ಪಗೆ ಬುದ್ಧಿ ಹೇಳಾಕೆ ಬಂದ್ರಾ?’

ಮಾವ ಅಳಿಯನ ಮಾತು ತೆಗೆದುಹಾಕಲಿಲ್ಲ. ಸುಗ್ಗಿ ಬಂತು. ಎಲೆ ಅಡಿಕೆ ಹೋಗಲಿಲ್ಲ, ಗಾಡಿ ಹೋಯಿತು. ಮರುದಿನವೇ ದಾರಿಗೆ ಜಾಲಿಮುಳ್ಳಿನ ಬೇಲಿ ಬಿತ್ತು! ನಾನು ಹಾಲಪ್ಪನವರ ಬಾಗಿಲಲ್ಲಿ ನಿಂತು ಕಾನೂನಿನ ಕಲಮು ಹೇಳಿದೆ.

‘ಹಂಗಾರೆ ಕೋರ್ಟ್ನಾಗೇ ಹೇಳ್ರಿ ವಕೀಲ್ರೆ’ ಎಂದು ಅವರು ಬಾಗಿಲು ಹಾಕಿಕೊಂಡರು.

ಕೋರ್ಟಿಗೂ ಹೋದೆವು. ಕಟಕಟೆಯಲ್ಲಿದ್ದ ಮಾವನನ್ನು ಹಾಲಪ್ಪನವರ ಕಡೆಯ ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ‘ಇಷ್ಟು ವರ್ಷ ಹೆಂಗೆ ಹೋಗ್ತಿದ್ರಿ ಯಜಮಾನ್ರೆ?’

ಮಾವ ಎದೆಯುಬ್ಬಿಸಿದರು. ‘ನಾವೇನು ಕಳ್ರೇನ್ರಿ? ವರ್ಷಾ ವರ್ಷಾ ಎಲೆ ಅಡಿಕೆ ಕೊಟ್ಟು, ಕೇಳೇ ಹೋಗ್ತಿದ್ವಿ!’

ಮುಗಿಯಿತು. ಅನುಮತಿ ಕೇಳಿ ಬಳಸಿದ ದಾರಿ ಹಕ್ಕಾಗುವುದಿಲ್ಲ. ಆ ಮಾತನ್ನು ಮಾವನಿಗೆ ಹೇಳಿಕೊಟ್ಟವನು ನಾನೇ. ಅದು ಹಿಂದಿನ ವರ್ಷಗಳಿಗೂ ಅನ್ವಯಿಸುತ್ತದೆಂದು ಈ ಮಹಾ ಮೇಧಾವಿಗೆ ಹೊಳೆದಿರಲಿಲ್ಲ!

ಬಸ್ಸಿಗೆ ಕಾಯುವಾಗ ಮಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ದಾರಿ ಹಾಳಾಗ್ಲಿ ಬಿಡ್ರಿ. ಹಾಲಪ್ಪ ಮಾತು ಬಿಟ್ಟ’ ಎಂದರು. ಎದುರಿಗೇ ನಿಂತಿದ್ದ ಹಾಲಪ್ಪನವರು ಮುಖ ತಿರುಗಿಸಿಕೊಂಡರು. ಆಮೇಲೆ ಅವರಿಬ್ಬರೂ ಸಾಯುವ ತನಕ ಮಾತಾಡಲಿಲ್ಲ.

ನಾನು ಲಾ ಪಾಸಾದೆ. ಪರೀಕ್ಷೆಗೆ ಅದೇ ಪ್ರಶ್ನೆ ಬಂದಿತ್ತು, ಬಹಳ ಚೆನ್ನಾಗಿ ಬರೆದೆ! ಮಾವನ ಮನೆಯ ಗಾಡಿ ಈಗಲೂ ನಾಲೆಯ ಏರಿ ಹಿಡಿದು ಊರು ಸುತ್ತಿಕೊಂಡೇ ಗದ್ದೆಗೆ ಹೋಗುತ್ತದೆ. ಆ ಸುತ್ತು ದಾರಿಗೆ ಜನ ‘ವಕೀಲ್ರ ದಾರಿ’ ಎನ್ನುತ್ತಾರೆ. ಕರಿಕೋಟು ಹಾಕಿ ಇಷ್ಟು ವರ್ಷವಾದರೂ ನಾನು ಗಳಿಸಿದ ಹೆಸರು ಅದೊಂದೇ.