ಪೇಪರಿನಲ್ಲಿ ಸುತ್ತದ ಪ್ಯಾಡುಗಳು

ನಾಚಿಕೆ ಇಲ್ಲದವಳು ಅಂತ ಊರು ಒಮ್ಮೆ ಹೆಸರಿಟ್ಟರೆ ಮುಗಿಯಿತು, ನಗುವ ಸಂಗತಿಗಳು ತಾವಾಗಿಯೇ ಮನೆ ಹುಡುಕಿಕೊಂಡು ಬರುತ್ತವೆ. ನಾನು ಸುರಪುರದ ಪಕ್ಕ ರಂಗಂಪೇಟೆಯಲ್ಲಿ ಜಂಪರ್ ಹೊಲಿಯುತ್ತಿದ್ದವಳು. ಯಾದಗಿರಿಯಲ್ಲಿ ಎಂಟು ದಿನದ ತರಬೇತಿಗೆ ಹೋಗಿದ್ದೆ. ಮೆಕ್ಕೆಜೋಳದ ಸತ್ವದಿಂದ ತೆಗೆದ ನೂಲಿನ ಬಟ್ಟೆ ಕೊಟ್ಟು, ಹೆಂಗಸರ ತಿಂಗಳ ಪ್ಯಾಡು ಹೊಲಿಯುವುದನ್ನು ಅಲ್ಲಿ ಕಲಿಸಿದರು. ಬೇವಿನ ಸತ್ವ ಸೇರಿಸಿದ್ದರಿಂದ ಅದರಲ್ಲಿ ಕೀಟಾಣು ಬೆಳೆಯುವುದಿಲ್ಲ. ಬಿಸಿ ತಿಪ್ಪೆಗೆ ಹಾಕಿದರೆ ಕೊಳೆತು ಗೊಬ್ಬರವಾಗುತ್ತದೆ.

ಕಾಲುವೆ ಬಂದ ಮೇಲೆ ನಮ್ಮ ಕಡೆ ಹೆಂಗಸರು ದಿನವಿಡೀ ಕೆಸರಲ್ಲಿ ನಿಂತು ಭತ್ತ ನಾಟಿ ಮಾಡುತ್ತಾರೆ. ಹಳೇ ಸೀರೆಯ ತುಂಡು ಒದ್ದೆಯಾಗಿ, ಒಳಗೆಲ್ಲ ಹುಣ್ಣಾಗಿ, ಯಾರಿಗೂ ಹೇಳದೆ ಕುಂಟುತ್ತಾ ಮನೆಗೆ ಹೋಗುವವರನ್ನು ಕಂಡಿದ್ದೆ. ನಾನೂ ಕುಂಟಿದವಳೇ. ಇನ್ನು ಮುಚ್ಚಿಟ್ಟಿದ್ದು ಸಾಕು ಅಂತ ಶುರು ಮಾಡಿದೆ.

೧. ಅತ್ತೆಯ ತಕರಾರು

ಬಟ್ಟೆಯ ಸುರುಳಿ ಮನೆಗೆ ಬಂದ ದಿನ ಅತ್ತೆ ಮುಟ್ಟಿ, ಮೂಸಿ ನೋಡಿದರು.

"ಯಾತರದ್ದ ಇದು?"

"ಮೆಕ್ಕಿಜ್ವಾಳದ್ದ್ರಿ ಅತ್ತಿ."

"ಎವ್ವಾ! ತಿನ್ನೋ ಕಾಳು ಅಲ್ಲಿ ಕಟ್ಕೋತಾರೇನ? ದೇವರು ಸುಮ್ಮನಿರ್ತಾನೇನ?"

"ಹತ್ತೀನೂ ಹೊಲದಾಗ ಬೆಳಿತದಲ್ರಿ. ಅದನ್ನ ಮೈತುಂಬ ಸುತ್ಕೊಂಡೀರಿ."

"ಹತ್ತಿ ಹಿಟ್ಟಿಲೆ ಯಾರರ ರೊಟ್ಟಿ ಬಡದಾರೇನ?"

ಅವರು ಮೂರು ದಿನ ಮಾತು ಬಿಟ್ಟರು, ನಾನು ಹೊಲಿಗೆ ಬಿಡಲಿಲ್ಲ. ನಾಲ್ಕನೇ ದಿನ ಮಷಿನ್ನಿನ ಹತ್ತಿರ ಬಂದು ಮೆಲ್ಲಗೆ ಅಂದರು: "ಅರಿವಿ ಭಾಳ ಮೆತ್ತಗ ಅದ. ನನಗೊಂದು ತಲಿದಿಂಬ ಹೊಲದು ಕೊಡು. ತಲಿಗಾದ್ರ ದೇವರು ಏನೂ ಅನ್ನಂಗಿಲ್ಲ."

೨. ಗಟ್ಟಿ ಮಾಲು

ನಮ್ಮ ಓಣಿಯ ಮೆಡಿಕಲ್ ಅಂಗಡಿಯವ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಕರಿ ಚೀಲಕ್ಕೆ ಹಾಕಿ, ಆಚೆ ಈಚೆ ನೋಡಿ ಕೊಡುತ್ತಿದ್ದ. ನಾನು ತೆರೆದ ಬುಟ್ಟಿಯಲ್ಲಿಟ್ಟು, ಬದನೆಕಾಯಿ ಮಾರಿದಂತೆ ಮಾರುತ್ತಿದ್ದೆ. ಅದು ಅವನಿಗೆ ಆಗಿಬರಲಿಲ್ಲ.

"ಅಕ್ಕಾರ, ಮಣ್ಣಾಗ ಕೊಳಿತದ ಅಂತ ಸುಳ್ಳ ಹೇಳಬ್ಯಾಡ್ರಿ."

"ನಿಮ್ಮದೂ ಒಂದು ತರ್ರಿ, ನೋಡೇಬಿಡೋಣ."

ಎರಡನ್ನೂ ಒಂದೇ ತಿಪ್ಪೆಯಲ್ಲಿ, ಬಿಸಿ ಸಗಣಿಯ ನಡುವೆ ಹುಗಿದೆವು. ಕೆಲವು ತಿಂಗಳು ಕಳೆದು ಓಣಿಯವರ ಎದುರೇ ಅಗೆದೆವು. ನನ್ನದು ನಾಲ್ಕು ಎಳೆ ಬಿಟ್ಟು ಮಣ್ಣಾಗಿತ್ತು. ಅವನದು ತೊಳೆದರೆ ಹೊಸದರಂತೆ ಹೊಳೆಯಿತು. ನಾನು ಗೆದ್ದೆ ಅಂತ ಸೆರಗು ಸಿಕ್ಕಿಸುವಷ್ಟರಲ್ಲಿ ಅವನೇ ಅದನ್ನು ಮೇಲೆತ್ತಿ ಕೂಗಿದ: "ನೋಡ್ರಿ! ಕಂಪನಿ ಮಾಲು ಅಂದ್ರ ಹಿಂಗಿರಬೇಕು! ಅಕ್ಕಾರದು ಕೊಳತೇ ಹೋಯ್ತು!"

"ಅಲ್ರೀ, ಅದು ನಿಮ್ಮ ಮೊಮ್ಮಕ್ಕಳು ಸತ್ರೂ ಹಂಗ ಇರ್ತದ!"

"ಅದಕ್ಕ ಗ್ಯಾರಂಟಿ ಅಂತಾರ!" ಅಂದ. ಓಣಿಯ ಗಂಡಸರು ಅವನಿಗೇ ಚಪ್ಪಾಳೆ ಹೊಡೆದರು.

೩. ಎಕರೆಗೆ ಎಷ್ಟು?

ಶಿರವಾಳದ ಕಡೆ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಬದುವಿನ ಮೇಲೆ ಕೂತು ಹೆಂಗಸರಿಗೆ ವಿವರಿಸುತ್ತಿದ್ದೆ. "ಇದರಾಗ ಬೇವಿನ ಸತ್ವ ಅದ. ಕೀಟಾಣು ಹತ್ತಿರ ಬರಂಗಿಲ್ಲ."

ಗದ್ದೆಯ ಮಾಲೀಕ ದೂರದಿಂದಲೇ ಓಡಿಬಂದ. ಬೈದು ಕಳಿಸುತ್ತಾನೆ ಅಂತ ನಾನೂ ಮಾತು ಸಜ್ಜು ಮಾಡಿಕೊಂಡೆ. ಅವನು ಬುಟ್ಟಿ ನೋಡಿ ಕೇಳಿದ: "ಅಕ್ಕಾರ, ಭತ್ತದ ಸಸಿಗೆ ಹುಳ ಬಿದ್ದಾದ. ಇವು ಎಕರೆಕ್ಕ ಎಷ್ಟು ಬೇಕಾಗ್ತಾವ?"

ನಾನೆಂದೆ: "ಎಕರೆಕ್ಕಲ್ರಿ ಯಜಮಾನ್ರ, ತಿಂಗಳಿಗೆ."

ವಿಷಯ ತಿಳಿದದ್ದೇ, ಬಂದ ದಾರಿಯಲ್ಲಿ ಹೋಗಲೂ ನಾಚಿ ಕಾಲುವೆಯಲ್ಲಿ ಇಳಿದು ಆಚೆ ದಂಡೆಗೆ ದಾಟಿಹೋದ. ಅವತ್ತು ಬುಟ್ಟಿ ಖಾಲಿ.

೪. ಮೊದಲ ಸಲ

ಶಹಾಪುರದಲ್ಲಿ ಹೆಂಗಸರ ದೊಡ್ಡ ಸಭೆ. ಸರ್ಕಾರದ ದೊಡ್ಡ ಸಾಹೇಬರು ಬಂದಿದ್ದರು; ಅವರು ಒಪ್ಪಿದರೆ ಹೆಣ್ಣುಮಕ್ಕಳ ಹಾಸ್ಟೆಲುಗಳಿಗೆ ನಮ್ಮ ಪ್ಯಾಡು ಹೋಗುತ್ತಿತ್ತು. ಸಭೆ ನಡೆಸುವವರು ಮೊದಲೇ ಎಚ್ಚರಿಸಿದ್ದರು: "ಅದರ ಹೆಸರು ತಗೀಬ್ಯಾಡ. ಮೆಕ್ಕಿಜ್ವಾಳದ ನಾರಿನ ವಸ್ತು ಅನ್ನು, ಸಾಕು."

ನಾನು ವೇದಿಕೆ ಹತ್ತಿ ಸಾಹೇಬರ ಕೈಗೆ ಪೊಟ್ಟಣ ಕೊಟ್ಟೆ. ನಮ್ಮ ಕಡೆಯ ಬಿಸಿಲಿಗೆ ಅವರು ಬೆವೆತು ನೀರಾಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ಪೊಟ್ಟಣ ಬಿಚ್ಚಿ, ಒಂದನ್ನು ತೆಗೆದು ಹಣೆ, ಕೆನ್ನೆ, ಕುತ್ತಿಗೆ ನಿಧಾನವಾಗಿ ಒರೆಸಿಕೊಂಡರು. ಆಮೇಲೆ ಮೈಕಿಗೆ ಬಾಗಿ ಹೇಳಿದರು: "ಎಷ್ಟು ಮೆತ್ತಗೆ! ಬೆವರೆಲ್ಲ ಒಂದೇ ಸಲಕ್ಕೆ ಹೀರಿಬಿಟ್ಟಿತು. ನಾಳೆಯಿಂದ ನಮ್ಮ ಆಫೀಸಿನ ಗಂಡಸರೆಲ್ಲ ಇದನ್ನೇ ಬಳಸಬೇಕು!"

ಎದುರು ಕೂತ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡರು. ಸಭೆ ನಡೆಸುವವರು ನನಗೆ ಸುಮ್ಮನಿರು ಅಂತ ಕೈ ಮಾಡಿದರು. ಹೊಟ್ಟೆಯಲ್ಲಿ ನಗು ಇದ್ದರೂ ಅದಕ್ಕಿಂತ ಹೆಚ್ಚು ಸಿಟ್ಟಿತ್ತು. ಹೆಸರು ಹೇಳದ್ದಕ್ಕೇ ಅಲ್ಲವೇ ಇಷ್ಟೆಲ್ಲ? ಮೈಕ್ ಎಳೆದುಕೊಂಡೆ.

"ಸಾಹೇಬ್ರ, ಅದು ಕರ್ಚೀಫ್ ಅಲ್ರಿ. ಹೆಂಗಸ್ರು ಮುಟ್ಟಾದಾಗ ಇಟ್ಕೊಳ್ಳೋ ಪ್ಯಾಡು. ಇದು ಸಿಗಲಾರದಕ್ಕ ನಮ್ಮ ಹುಡುಗ್ಯಾರು ತಿಂಗಳಿಗೆ ನಾಕು ದಿನ ಸಾಲಿ ಬಿಡಾಕತ್ತಾರ. ಹೆಸರು ಹೇಳಾಕ ನನಗೇನೂ ನಾಚಿಕಿಲ್ಲ."

ಹಾಸ್ಟೆಲಿನ ಆರ್ಡರ್ ಅದೇ ವಾರ ಬಂತು, ಆ ಮಾತು ಬೇರೆ. ಆದರೆ ಆ ಕ್ಷಣ ಸಾಹೇಬರು ಪ್ಯಾಡನ್ನು ಇಟ್ಟುಕೊಳ್ಳಲೂ ಆಗದೆ, ಬಿಸಾಡಲೂ ಆಗದೆ, ಕೈಯಲ್ಲಿ ಹಿಡಿದು ಗಡಗಡ ನಡುಗುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ, ಹಲ್ಲೆಲ್ಲ ಬಿದ್ದ ಕೂಲಿ ಮುದುಕಿಗೆ ಕರುಣೆ ಬಂತು. ಎದ್ದು ನಿಂತು ಸಮಾಧಾನ ಹೇಳಿದಳು:

"ಅಂಜಬ್ಯಾಡ್ರಿ ಸಾಹೇಬ್ರ, ಮೊದಲ್ನೇ ಸಲ ಎಲ್ಲರಿಗೂ ಹಂಗ ಆಗ್ತದ!"