ನಡುಮಹಡಿಯ ಯುದ್ಧ ವರದಿಗಾರ

ಎಲ್ಲಕ್ಕೂ ಮೂಲ ಒಂದು ಒದ್ದೆ ಬೆಡ್‌ಶೀಟು. ಮೇಲಿನ ಮಹಡಿಯ ಟೀಚರಮ್ಮ ಒಣಹಾಕಿದ್ದು, ಕೆಳಮಹಡಿಯ ಟೈಲರ್ ಇಸ್ತ್ರಿ ಮಾಡಿಟ್ಟ ಕೋಟಿನ ಮೇಲೆ ತೊಟ್ಟಿಕ್ಕಿತು. ನಡುವೆ ಇದ್ದವನು ನಮ್ಮ ಯುದ್ಧಣ್ಣ.

ಯುದ್ಧಣ್ಣ ಅಂದರೆ ಸಾಮಾನ್ಯನಲ್ಲ ಕಣ್ರೀ. ಮೂವತ್ತು ವರ್ಷ ಪತ್ರಿಕೆಗೆ ಯುದ್ಧದ ಸುದ್ದಿ ಬರೆದವನು. ಅವನ ಪುಸ್ತಕ ಓದಿದವರು ದೀಪ ಆರಿಸಿ ಮಲಗಲು ಹೆದರುತ್ತಿದ್ದರು. ಈಗ ಹೊಸ ಪುಸ್ತಕ, 'ಯುದ್ಧ ನಿಲ್ಲುವುದು ಹೇಗೆ'. ಕೊನೆಯ ಅಧ್ಯಾಯ ಅಂದು ಸಂಜೆಯೊಳಗೆ ಬಾರದಿದ್ದರೆ ಪುಸ್ತಕವನ್ನೇ ಕೈಬಿಡುತ್ತೇವೆ ಎಂದು ಪ್ರಕಾಶಕರು ಕಡ್ಡಿ ಮುರಿದಂತೆ ಹೇಳಿದ್ದರು. ಬರೆಯುವುದೇನು? ಅವನು ಕಂಡ ಯಾವ ಯುದ್ಧವೂ ಅವನಿರುವಾಗ ನಿಂತಿರಲಿಲ್ಲ.

ಅಷ್ಟರಲ್ಲಿ ಟೈಲರ್ ಬಾಗಿಲು ಬಡಿದ. "ಅಣ್ಣಾ, ನೀವು ದೊಡ್ಡ ದೊಡ್ಡ ಜಗಳ ನೋಡಿದೋರು. ಆ ಟೀಚರಮ್ಮಂಗೆ ಕಣ್ಣು ಕಾಣಲ್ವಾ, ಸ್ವಲ್ಪ ಕೇಳಿ."

"ನಾನು ಯಾರ ಪರಾನೂ ಅಲ್ಲಪ್ಪ. ಎರಡೂ ಕಡೆ ಕೇಳ್ತೀನಿ, ಅಷ್ಟೇ."

ಅದು ಅವನ ಕಸುಬಿನ ನೇಮ. ಒಬ್ಬರು ಆರೋಪ ಮಾಡಿದರೆ ಇನ್ನೊಬ್ಬರ ಪ್ರತಿಕ್ರಿಯೆ ಪಡೆಯಲೇಬೇಕು, ಒಂದಕ್ಷರವೂ ಬಿಡದೆ. ಮೇಲೆ ಹತ್ತಿದ.

"ಟೀಚರಮ್ಮ, ನಿಮಗೆ ಕಣ್ಣು ಕಾಣಲ್ಲ ಅಂತ ಟೈಲರ್ ಹೇಳಿಕೆ. ನಿಮ್ಮ ಪ್ರತಿಕ್ರಿಯೆ?"

ಟೀಚರಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತು. "ಚೆನ್ನಾಗೇ ಕಾಣುತ್ತೆ. ಅವನು ನಮ್ಮ ಯಜಮಾನರಿಗೆ ಹೊಲಿದ ಶರ್ಟಿನ ಒಂದು ತೋಳು ಗಿಡ್ಡ ಇರೋದೂ ಕಾಣುತ್ತೆ."

ಕೆಳಗಿಳಿದು ಒಪ್ಪಿಸಿದ. ಟೈಲರ್ ಬಾಯಲ್ಲಿ ಕಚ್ಚಿದ್ದ ಸೂಜಿ ಬಿತ್ತು. "ಶರ್ಟು ಸರಿಯಾಗೇ ಇದೆ. ಆಯಪ್ಪನ ತೋಳೇ ಸೊಟ್ಟ. ಮದುವೆಯಾದಾಗಿಂದ ಹೆಂಡ್ತಿ ಮುಂದೆ ಕೈಕಟ್ಕೊಂಡು ನಿಂತ್ರೆ ಇನ್ನೇನಾಗುತ್ತೆ?"

ಇದನ್ನೂ ಪುಣ್ಯಾತ್ಮ ಮೇಲಕ್ಕೆ ಒಯ್ದ.

ಮಧ್ಯಾಹ್ನದ ಹೊತ್ತಿಗೆ ಮೇಲಿಂದ ಬಕೆಟ್ಟುಗಟ್ಟಲೆ ನೀರು, ಕೆಳಗಿಂದ ಬೈಗುಳ, ಅಂಗಿ ಗುಂಡಿ, ಹಳೇ ಚಪ್ಪಲಿ. ಎಲ್ಲ ಬಂದು ಬೀಳುತ್ತಿದ್ದದ್ದು ನಡುಮಹಡಿಯ ಬಾಲ್ಕನಿಗೆ. ಯುದ್ಧಣ್ಣ ಹಳೆಯ ಹೆಲ್ಮೆಟ್ ತೊಟ್ಟು ಮೇಜಿನಡಿ ಕೂತ, ಮಳೆಗೆ ಸಿಕ್ಕ ಬೆಕ್ಕಿನ ಹಾಗೆ.

ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ಡ್ಯೂಟಿ ಮುಗಿಸಿ ಬಂದಳು. ಅವನು ನಡೆದದ್ದನ್ನೆಲ್ಲ ಚಾಚೂ ತಪ್ಪದೆ ಹೇಳಿದ. ಅವಳು ಬಾಯಿ ಬಿಟ್ಟುಕೊಂಡು ನೋಡಿದಳು.

"ಅಲ್ಲಾರೀ, ಮೂವತ್ತು ವರ್ಷ ಯುದ್ಧದ ಜಾಗಕ್ಕೆಲ್ಲಾ ಹೋಗಿ ಇದನ್ನೇ ಮಾಡ್ತಿದ್ರಾ?"

ಬಾಂಬಿಗೆ ಬೆಚ್ಚದವನ ಕೈಯಿಂದ ಪೆನ್ನು ಜಾರಿತು.

ಅವಳು ಮೆಟ್ಟಿಲ ಕಡೆ ಹೋದಳು. ಸ್ವಲ್ಪ ಹೊತ್ತಿಗೆ ಗಲಾಟೆ ನಿಂತಿತು. ನಗುವೂ ಕೇಳಿಸಿತು. ಯುದ್ಧಣ್ಣ ದಂಗಾದ. ತಾನಿರುವಾಗಲೇ ಒಂದು ಯುದ್ಧ ನಿಂತದ್ದು ಅದೇ ಮೊದಲು. ಕೊನೆಯ ಅಧ್ಯಾಯ ಸಿಕ್ಕಿತೆಂದು ಪೆನ್ನು ಎತ್ತಿಕೊಂಡು ಬಾಗಿಲಿಗೆ ಓಡಿದ.

ಎದುರಿಗೆ ಟೀಚರಮ್ಮ, ಟೈಲರ್ ಒಳಗೆ ಬಂದರು, ಹಿಂದೆಯೇ ಹೆಂಡತಿ. ಇಬ್ಬರೂ ನೇರವಾಗಿ ಹೋಗಿ ಅವನ ಟ್ರಂಕಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಹಿಡಿದೆತ್ತಿದರು.

"ರಾಜಿ ಆಯ್ತಣ್ಣಾ. ಷರತ್ತು ಒಂದೇ, ನೀವು ಜಾಗ ಖಾಲಿ ಮಾಡ್ಬೇಕು" ಎಂದ ಟೈಲರ್.

"ನಿನ್ನ ಹೆಂಡ್ತಿ ಇರಲಪ್ಪ. ಒಳ್ಳೇ ಹುಡುಗಿ" ಎಂದರು ಟೀಚರಮ್ಮ.

ಯುದ್ಧ ನಿಲ್ಲುವುದು ಹೇಗೆಂದು ಅವನಿಗೆ ಈಗ ಗೊತ್ತಾಯಿತು. ಕೂತು ಬರೆಯಲು ಮನೆ ಮಾತ್ರ ಇರಲಿಲ್ಲ. ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿ, "ನಿನ್ನ ಪ್ರತಿಕ್ರಿಯೆ?" ಎಂದ.

"ಷರತ್ತು ಹಾಕಿದ್ದೇ ನಾನು ಕಣ್ರೀ" ಎಂದಳು, ಅವನ ತಲೆಯ ಮೇಲಿನ ಹೆಲ್ಮೆಟ್ಟನ್ನು ತೆಗೆದು ಟ್ರಂಕಿನ ಮೇಲಿಡುತ್ತಾ.