ಮಾಧವ ಒಂದು ಸಲ ಊದಬೇಕಿತ್ತು

ಮಾಧವನ ಫೋನು ಸ್ವಿಚ್ ಆಫ್ ಆದದ್ದೇ ಎಲ್ಲಕ್ಕೂ ಮೂಲ.

ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಡಬಲ್ಲರೇ ಎಂದು ಜಯನಗರದ ಆಸ್ಪತ್ರೆಯೊಂದರಲ್ಲಿ ಅಧ್ಯಯನ ನಡೆದಿತ್ತು. ಸೇರಿಕೊಂಡವರು ನಡುವೆ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಜ್ಯೋತ್ಸ್ನಾಳ ಕೆಲಸ. ಅವಳ ಪಾಲಿನವರೋ, ತೂತು ಚೀಲದ ರಾಗಿಯಂತೆ ಒಬ್ಬೊಬ್ಬರೇ ಉದುರಿಹೋಗಿದ್ದರು. ಉಳಿದವನು ಮಾಧವ. ಅವನು ನಿಜವಾಗಿಯೂ ಸಿಗರೇಟು ಬಿಟ್ಟಿದ್ದ. ಇವತ್ತು ಸಂಜೆಯೊಳಗೆ ಉಸಿರಿನಲ್ಲಿ ಸಿಗರೇಟಿನ ಹೊಗೆ ಎಷ್ಟಿದೆಯೆಂದು ಅಳೆಯುವ ಮೆಷಿನ್ನಿಗೆ ಕೊನೆಯ ಸಲ ಊದಿಬಿಟ್ಟರೆ ಸಾಕಿತ್ತು.

"ಅವನೂ ಕೈಬಿಟ್ರೆ ನಿನ್ನನ್ನ ಇಟ್ಕೊಳ್ಳೋಕೆ ಕಾರಣ ಉಳಿಯಲ್ಲಮ್ಮ," ಎಂದಿದ್ದರು ಅಧ್ಯಯನದ ಮುಖ್ಯಸ್ಥೆ ಡಾಕ್ಟರ್ ವಾರಿಜಾ. "ಮನೆಗೇ ಹೋಗು. ಆಸ್ಪತ್ರೆ ಮಾತು ಮಾತ್ರ ಎತ್ಬೇಡ. ಅವನ ವಿಷಯ ಅಕ್ಕಪಕ್ಕ ಗೊತ್ತಾಗಬಾರ್ದು."

ಮೆಷಿನ್ನನ್ನು ಎಳೆಮಗುವಿನಂತೆ ಬ್ಯಾಗಿನೊಳಗೆ ಮಲಗಿಸಿಕೊಂಡು ಜ್ಯೋತ್ಸ್ನಾ ಚಿಕ್ಕಲಸಂದ್ರದಲ್ಲಿ ಇಳಿದಳು. ಮಧ್ಯಾಹ್ನದ ಹೊಂಗೆಯ ನೆರಳು ರಸ್ತೆಯ ಮೇಲೆ ನೀರಿನಂತೆ ಅಲುಗುತ್ತಿತ್ತು. ಅದರಲ್ಲಿ ತೇಲಿಕೊಂಡೇ ಅವಳು ಗೇಟು ಮುಟ್ಟಿದಳು. ಮಾಧವನ ಮಹಡಿ ಕೋಣೆಗೆ ಬೀಗ.

"ಯಾರಮ್ಮಾ?" ಕೆಳಗಿನಿಂದ ಮನೆ ಓನರ್ ಬಸವಲಿಂಗಮ್ಮ ಕೇಳಿದರು.

"ಮಾಧವ ಅವ್ರ ಹತ್ರ ಕೆಲ್ಸ ಇತ್ತು ಆಂಟಿ."

"ಏನ್ ಕೆಲ್ಸ?"

"ಅದು... ಹೇಳೋಕಾಗಲ್ಲ."

ಬಸವಲಿಂಗಮ್ಮನ ಹುಬ್ಬು ಕುಕ್ಕರಿನ ವಿಷಲ್ಲಿನಂತೆ ಮೇಲೆದ್ದಿತು. "ನೆಂಟರಾ? ಆಫೀಸಾ? ಬ್ಯಾಂಕಾ?"

ಜ್ಯೋತ್ಸ್ನಾ ಎಲ್ಲಕ್ಕೂ ಇಲ್ಲವೆಂದು ತಲೆಯಾಡಿಸಿದಳು. ಕೆನ್ನೆ ಕೆಂಪಾಯಿತು. ಆ ಕೆಂಪೇ ಸಾಕಾಯಿತು.

"ಒಳಗ್ ಬಾ ಪುಟ್ಟಾ, ಬಿಸ್ಲು!"

ಕಾಫಿ ಬಂತು, ಕೋಡುಬಳೆ ಬಂತು, ಯಾರೂ ಕರೆಯದೆ ಎದುರು ಮನೆಯ ಗುಂಡಣ್ಣನೂ ಬಂದರು.

"ನಿಮ್ಮನೇಲಿ ಲಿಂಗ ಕಟ್ಕೊಳ್ತಾರಾ?" ಬಸವಲಿಂಗಮ್ಮ ಕೇಳಿದರು. ಅವಳು ಹೌದೆಂದಳು. "ನಮ್ಮೋಳೇ!"

"ಮಾಧವ ನಮ್ಮೋನು," ಎಂದರು ಗುಂಡಣ್ಣ, ಜನಿವಾರ ಎಳೆದು ತೋರಿಸುತ್ತ. "ಹೋಗ್ಲಿ ಬಿಡಿ, ಈಗೆಲ್ಲಾ ಯಾರ್ ನೋಡ್ತಾರೆ? ಅವ್ನು ಸಿಗರೇಟ್ ಬಿಟ್ಟಾಗ್ಲೇ ಡೌಟ್ ಬಂದಿತ್ತು ನಂಗೆ. ಯಾರಿಗೋಸ್ಕರ ಅಂತ ಈಗ ಗೊತ್ತಾಯ್ತು!"

ಜ್ಯೋತ್ಸ್ನಾ ಬಾಯಿ ತೆರೆದಳು. ನಿಜ ಹೇಳುವಂತಿಲ್ಲ, ಸುಳ್ಳು ಹೊಳೆಯುತ್ತಿಲ್ಲ. ಅಷ್ಟರಲ್ಲಿ ಗುಂಡಣ್ಣ, "ಲೈಬ್ರರೀಲಿರ್ತಾನೆ, ಎತ್ತಾಕ್ಕೊಂಡ್ ಬರ್ತೀನಿ," ಎಂದು ಸ್ಕೂಟರ್ ಒದ್ದಾಗಿತ್ತು.

ಫ್ಯಾನಿನ ಗಾಳಿಗೆ ಅವಳ ಕಣ್ಣು ಎಳೆಯಿತು. ಕನಸಿನಲ್ಲಿ ಮೆಷಿನ್ನಿನ ಮೇಲೆ ದೊಡ್ಡದೊಂದು ಸೊನ್ನೆ, ಹುಣ್ಣಿಮೆ ಚಂದ್ರನಂತೆ ಮೂಡುತ್ತಿತ್ತು. ಡಾಕ್ಟರ್ ವಾರಿಜಾ ಆ ಬೆಳದಿಂಗಳಲ್ಲಿ ನಿಂತು ನಗುತ್ತಿದ್ದರು.

ಸ್ಕೂಟರ್ ಸದ್ದಿಗೆ ಎಚ್ಚರವಾಯಿತು. ಮಾಧವ ತಲೆಗೆ ನೀರು ಹಚ್ಚಿ ಬಾಚಿಕೊಂಡು ನಿಂತಿದ್ದ. ಇವಳನ್ನು ಕಂಡು ಕಕ್ಕಾಬಿಕ್ಕಿಯಾದ.

"ಮೇಲೆ ಹೋಗಿ ಮಾತಾಡ್ಕೊಳ್ಳಿ, ನಾವ್ ಬರಲ್ಲ," ಎಂದ ಬಸವಲಿಂಗಮ್ಮ ಮೆಟ್ಟಿಲ ಬುಡದಲ್ಲೇ ಕೂತರು.

ಮಹಡಿಯ ಮೇಲೆ ಜ್ಯೋತ್ಸ್ನಾ ಮೆಷಿನ್ ಹೊರತೆಗೆದಳು. "ಬೇಗ ಊದಿ, ಪ್ಲೀಸ್."

ಮಾಧವ ತಡವರಿಸುತ್ತಲೇ ಊದಿದ. ಸಂಖ್ಯೆ ಗಾಳಿಪಟದಂತೆ ಮೇಲೇರಿತು. ಕೆಂಪು ದೀಪ ಹತ್ತಿತು.

"ಮಾಧವ್!"

"ಸಾರಿ ಮೇಡಂ. ನಿನ್ನನ್ನೇ ಮದ್ವೆ ಆಗ್ತೀನಂತ ಹುಡ್ಗಿ ಬಂದು ಕೂತಿದ್ದಾಳೆ ಅಂದ್ರು ಗುಂಡಣ್ಣ. ಓಡಿಹೋಗೋಣ ಅನ್ನಿಸ್ತು. ಧೈರ್ಯಕ್ಕೆ ಅಂತ ಅವ್ರೇ ಒಂದ್ ಸಿಗರೇಟ್ ಕೊಡ್ಸಿದ್ರು. ಸೇದ್ಬಿಟ್ಟೆ." ಅವನು ಕೆಳಗೆ ಇಣುಕಿ ನಿಟ್ಟುಸಿರಿಟ್ಟ. "ತಲೆಯೊಳಗೆ ಮಾತಾಡೋರು ಮಾತ್ರೆಗೆ ಸುಮ್ನಾದ್ರು ಮೇಡಂ. ಈ ಬೀದಿಯವರಿಗೆ ಮಾತ್ರೆ ಇಲ್ವಲ್ಲ!"

"ಏನಾಯ್ತು ಪುಟ್ಟಾ?" ಕೆಳಗಿನಿಂದ ಕೂಗು. "ಅದೇನದು ಕೆಂಪು ಲೈಟು? ಹುಡ್ಗ ಒಪ್ಪಿದ್ನಾ ಇಲ್ವಾ?"

ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಹತ್ತತೊಡಗಿತು. ಮಾಧವನ ಮುಖ ಬಿಳುಚಿತು. "ಒಪ್ಪಿದ ಅಂದ್ಬಿಡಿ ಮೇಡಂ. ಇಲ್ಲಾಂದ್ರೆ ಮೆಷಿನ್ ಯಾಕೆ ಅಂತ ಕೇಳ್ತಾರೆ."

ಜ್ಯೋತ್ಸ್ನಾ ಮೆಷಿನ್ನನ್ನು ದುಪಟ್ಟಾದೊಳಗೆ ಮುಚ್ಚಿಕೊಂಡು, ನಾಚಿ ತಲೆ ತಗ್ಗಿಸಿ, ಹೇಳಿದಳು.

"ಒಪ್ಪಿದ್ರು ಆಂಟಿ."